ರಿಫ್ಲೆಕ್ಸಾಲಜಿ: ಅಂಗಾಲು ಒತ್ತಿಸಿಕೊಂಡರೆ ಏನಾಗುತ್ತದೆ, ಏನಾಗುವುದಿಲ್ಲ?

ಮಾಲ್‌ಗಳಲ್ಲಿ ಸಾಲಾಗಿ ಇಟ್ಟಿರುವ ಕಾಲೊತ್ತುವ ಕುರ್ಚಿ, ಬಡಾವಣೆಯ ಪಾರ್ಕಿನಲ್ಲಿ ಗುಂಡುಕಲ್ಲು ಹಾಸಿದ ಕಾಲುದಾರಿ, ವಸ್ತುಪ್ರದರ್ಶನದಲ್ಲಿ ಮಾರುವ ಮುಳ್ಳುಮುಳ್ಳಾದ ಚಪ್ಪಲಿ, ಮರದ ರೋಲರ್. ಇವೆಲ್ಲದರ ಹಿಂದೆ ಇರುವುದು ಹೆಚ್ಚುಕಡಿಮೆ ಒಂದೇ ನಂಬಿಕೆ: ದೇಹದ ಪ್ರತಿ ಅಂಗಕ್ಕೂ ಅಂಗಾಲಿನಲ್ಲಿ ಒಂದು ಜಾಗವಿದೆ, ಆ ಜಾಗವನ್ನು ಒತ್ತಿದರೆ ಆ ಅಂಗ ಸರಿಹೋಗುತ್ತದೆ. ಈ ಪದ್ಧತಿಯ ಹೆಸರು ರಿಫ್ಲೆಕ್ಸಾಲಜಿ. ನಮ್ಮಲ್ಲಿ ಬಹಳಷ್ಟು ಜನ ಇದನ್ನು ಅಕ್ಯುಪ್ರೆಶರ್ ಎಂದೇ ಕರೆಯುತ್ತಾರೆ. ಎರಡೂ ಒಂದೇ ಅಲ್ಲ. ಅಕ್ಯುಪ್ರೆಶರ್ ಚೀನಾದ ಸಾಂಪ್ರದಾಯಿಕ ವೈದ್ಯಕ್ಕೆ ಸೇರಿದ್ದು. ಮೈಯುದ್ದಕ್ಕೂ ಶಕ್ತಿ ಹರಿಯುವ ಹಾದಿಗಳಿವೆ, ಆ ಹಾದಿಗಳ ಮೇಲೆ ಒತ್ತುವ ಬಿಂದುಗಳಿವೆ ಎಂಬುದು ಅದರ ಕಲ್ಪನೆ. ರಿಫ್ಲೆಕ್ಸಾಲಜಿಯಲ್ಲಿ ಇಡೀ ದೇಹದ ನಕ್ಷೆಯೇ ಪಾದದಲ್ಲಿದೆ (ಕೆಲವರ ಪ್ರಕಾರ ಅಂಗೈ ಮತ್ತು ಕಿವಿಯಲ್ಲೂ). ನಮ್ಮ ಊರುಗಳ ಕೇಂದ್ರಗಳಲ್ಲಿ ಎರಡನ್ನೂ ಬೆರೆಸಿಯೇ ಮಾಡುತ್ತಾರೆ.

ಹೋಗಬೇಕೆಂದುಕೊಂಡವರ ಪ್ರಶ್ನೆಗಳು ಸಾಮಾನ್ಯವಾಗಿ ಹೀಗಿರುತ್ತವೆ: ನೋವಾಗುತ್ತದೆಯೇ? ಎಷ್ಟು ಹೊತ್ತು? ಎಷ್ಟು ಸಲ ಹೋಗಬೇಕು? ಶುಗರ್ ಇಳಿಯುತ್ತದೆಯೇ? ಮಾತ್ರೆ ಬಿಡಬಹುದೇ? ಮೊದಲ ಮೂರಕ್ಕೆ ಉತ್ತರ ಸುಲಭ. ಕೊನೆಯ ಎರಡಕ್ಕೆ ಉತ್ತರ 'ಇಲ್ಲ'. ಅದು ಏಕೆ ಇಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಕುರ್ಚಿಯಲ್ಲಿ ಕೂತ ಮೇಲೆ

ಒಂದು ಸಿಟ್ಟಿಂಗ್ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ. ಮೊದಲ ಸಲ ಹೋದಾಗ ವಯಸ್ಸು, ಬಿಪಿ, ಶುಗರ್, ತೆಗೆದುಕೊಳ್ಳುತ್ತಿರುವ ಮಾತ್ರೆ, ಹಿಂದಿನ ಆಪರೇಷನ್, ಹೆಂಗಸರಾದರೆ ಗರ್ಭಿಣಿಯೇ ಎಂಬುದನ್ನೆಲ್ಲ ಕೇಳಬೇಕು. ಒಳ್ಳೆಯ ಕಡೆ ಕೇಳುತ್ತಾರೆ. ಏನೂ ಕೇಳದೆ ನೇರವಾಗಿ ಕಾಲಿಗೆ ಕೈ ಹಾಕಿದರೆ ಅಲ್ಲಿಂದ ಎದ್ದು ಬರುವುದೇ ವಾಸಿ.

ಬಟ್ಟೆ ಬಿಚ್ಚುವ ಅಗತ್ಯವಿಲ್ಲ. ಚಪ್ಪಲಿ, ಸಾಕ್ಸ್ ತೆಗೆದು, ಪ್ಯಾಂಟನ್ನು ಮೊಣಕಾಲ ತನಕ ಮಡಚಿಕೊಂಡರೆ ಸಾಕು. ಹಲವು ಕಡೆ ಮೊದಲು ಬೆಚ್ಚಗಿನ ಉಪ್ಪುನೀರಿನಲ್ಲಿ ಐದು–ಹತ್ತು ನಿಮಿಷ ಪಾದ ಅದ್ದಿಸುತ್ತಾರೆ. ಆಮೇಲೆ ಹಿಂದಕ್ಕೆ ಒರಗುವ ಕುರ್ಚಿಯಲ್ಲಿ ಕೂರಿಸಿ, ಪೌಡರ್ ಅಥವಾ ಎಣ್ಣೆ ಹಚ್ಚಿ, ಮೊದಲು ಇಡೀ ಪಾದವನ್ನು ಸಡಿಲಗೊಳಿಸುತ್ತಾರೆ. ನಂತರ ಬರುವುದು ಈ ಪದ್ಧತಿಯ ಮುಖ್ಯ ಕೈಚಳಕ. ಹೆಬ್ಬೆರಳನ್ನು ಮಡಚುತ್ತಾ ಬಿಡಿಸುತ್ತಾ, ಕಂಬಳಿಹುಳು ತೆವಳುವ ಹಾಗೆ ಅಂಗಾಲಿನ ಮೇಲೆ ಇಂಚಿಂಚಾಗಿ ಒತ್ತಿಕೊಂಡು ಹೋಗುತ್ತಾರೆ. ಥಾಯ್ ಅಥವಾ ಚೀನೀ ಶೈಲಿ ಎಂದು ಬೋರ್ಡು ಹಾಕಿಕೊಂಡ ಕಡೆಗಳಲ್ಲಿ ಹೆಬ್ಬೆರಳಿನ ಜೊತೆಗೆ ಮೊನೆ ದುಂಡಗಿರುವ ಒಂದು ಮರದ ಕಡ್ಡಿಯೂ ಇರುತ್ತದೆ.

ಗೋಡೆಯ ಮೇಲೆ ಬಣ್ಣಬಣ್ಣದ ಪಾದದ ನಕ್ಷೆ ಖಂಡಿತ ಕಾಣುತ್ತದೆ. ಬೆರಳುಗಳು ಎಂದರೆ ತಲೆ ಮತ್ತು ಸೈನಸ್. ಬೆರಳುಗಳ ಕೆಳಗಿನ ದಪ್ಪ ಭಾಗ ಎದೆ, ಶ್ವಾಸಕೋಶ. ಪಾದದ ಕಮಾನಿನಲ್ಲಿ ಹೊಟ್ಟೆ, ಕಿಡ್ನಿ, ಮೇದೋಜೀರಕ ಗ್ರಂಥಿ. ಹಿಮ್ಮಡಿಯ ಕಡೆ ಸೊಂಟದ ಭಾಗ. ಒಳ ಅಂಚಿನುದ್ದಕ್ಕೂ ಬೆನ್ನುಹುರಿ. ಲಿವರ್ ಬಲಗಾಲಿನಲ್ಲಿ, ಹೃದಯ ಎಡಗಾಲಿನಲ್ಲಿ. ಸಂವಹನ ಓದಿದ ನನಗೆ ಈ ಚಿತ್ರ ಬಹಳ ಜಾಣತನದ್ದು ಅನ್ನಿಸುತ್ತದೆ. ಶಾಲೆಯ ಜೀವಶಾಸ್ತ್ರ ಪುಸ್ತಕದ ಚಿತ್ರದಂತೆಯೇ ಗೆರೆ, ಬಣ್ಣ, ಅಂಗಗಳ ಹೆಸರು ಎಲ್ಲವೂ ಇರುವುದರಿಂದ ಯಾರೋ ಕೊಯ್ದು ನೋಡಿಯೇ ಬರೆದಿರಬೇಕು ಎಂಬ ಭಾವನೆ ತಾನಾಗಿಯೇ ಬರುತ್ತದೆ. ಆದರೆ ಬೇರೆ ಬೇರೆ ಶಾಲೆಯವರ ನಕ್ಷೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಅಂಗಗಳ ಜಾಗ ಒಂದಕ್ಕೊಂದು ಪೂರ್ತಿ ತಾಳೆಯಾಗುವುದಿಲ್ಲ.

ನೋವಿನ ವಿಷಯ. ಒತ್ತಡ ಗಟ್ಟಿಯಾಗಿಯೇ ಇರುತ್ತದೆ, ಆದರೆ ಹಲ್ಲು ಕಚ್ಚಿ ಸಹಿಸುವಂಥದ್ದಾಗಬೇಕಿಲ್ಲ. 'ಮೆಲ್ಲಗೆ ಒತ್ತಿ' ಎನ್ನಲು ಸಂಕೋಚ ಬೇಡ. ನೋವಾದಷ್ಟೂ ಒಳ್ಳೆಯದು ಎಂಬ ಮಾತಿಗೆ ಆಧಾರವಿಲ್ಲ. ಚರ್ಮ ಕಂದಿ ನೀಲಿಗಟ್ಟಿದರೆ ಅಲ್ಲಿ ಸಣ್ಣ ರಕ್ತನಾಳಗಳು ಒಡೆದಿವೆ ಎಂದಷ್ಟೇ ಅರ್ಥ.

ಒತ್ತುವಾಗ ಒಂದೆರಡು ಕಡೆ 'ಅಯ್ಯೋ' ಅನ್ನಿಸುವುದು ಸಹಜ. ಆಗ ಕೇಳಿಬರುವ ಮಾತು: "ಇದು ನಿಮ್ಮ ಹೊಟ್ಟೆಯ ಪಾಯಿಂಟ್. ಗ್ಯಾಸ್ಟ್ರಿಕ್ ಇದೆ ಅಲ್ವಾ?" ಗ್ಯಾಸ್ಟ್ರಿಕ್ ಇಲ್ಲ ಎನ್ನುವವರು ನಮ್ಮಲ್ಲಿ ಎಷ್ಟು ಜನ ಸಿಕ್ಕಾರು? ಹೊಟ್ಟೆಯ ಪಾಯಿಂಟ್ ಎನ್ನುವ ಜಾಗದಲ್ಲಿ ನಿಜವಾಗಿ ಇರುವುದು ಪಾದದ ಕಮಾನನ್ನು ಎತ್ತಿ ಹಿಡಿಯುವ ಸ್ನಾಯುಗಳು ಮತ್ತು ಹಿಮ್ಮಡಿಯಿಂದ ಬೆರಳುಗಳ ಬುಡದ ತನಕ ಹರಡಿರುವ ದಪ್ಪ ಪಟ್ಟಿಯಂಥ ಅಂಗಾಂಶ. ಒಂದು ಪಾದದಲ್ಲಿ 26 ಮೂಳೆಗಳಿವೆ, ಅವುಗಳ ಮಧ್ಯೆ ಮೂವತ್ತಕ್ಕೂ ಹೆಚ್ಚು ಕೀಲುಗಳಿವೆ. ದಿನವಿಡೀ ನಿಂತು ಕೆಲಸ ಮಾಡುವವರಿಗೆ, ಬಿಗಿ ಶೂ ಹಾಕುವವರಿಗೆ, ಮೈತೂಕ ಹೆಚ್ಚಿರುವವರಿಗೆ ಇದರಲ್ಲಿ ಎಲ್ಲೋ ಒಂದು ಕಡೆ ನೋವು ಇದ್ದೇ ಇರುತ್ತದೆ.

ಮುಗಿದ ಮೇಲೆ ಕಾಲು ಹಗುರ ಅನ್ನಿಸುತ್ತದೆ, ನಿದ್ದೆ ಎಳೆಯುತ್ತದೆ. ತಕ್ಷಣ ಏಳಬೇಡಿ. ಎಣ್ಣೆ ಹಚ್ಚಿದ ಪಾದ, ಟೈಲ್ಸ್ ನೆಲ, ವಯಸ್ಸಾದವರು: ಈ ಮೂರೂ ಸೇರಿದರೆ ಜಾರಿ ಬೀಳುವುದು ಖಚಿತ.

ಈ ನಕ್ಷೆ ಬಂದದ್ದು ಎಲ್ಲಿಂದ?

'ಐದು ಸಾವಿರ ವರ್ಷಗಳ ಹಿಂದಿನ ವಿದ್ಯೆ' ಎಂದು ಹೇಳುವವರು ತೋರಿಸುವ ಸಾಕ್ಷಿ ಈಜಿಪ್ಟಿನ ಸಕ್ಕಾರಾದಲ್ಲಿರುವ ಅಂಖ್‌ಮಹೋರ್ ಎಂಬ ಅಧಿಕಾರಿಯ ಗೋರಿ. ಸುಮಾರು 4,300 ವರ್ಷ ಹಳೆಯದಾದ ಅದರ ಗೋಡೆಯ ಮೇಲೆ ಒಬ್ಬರು ಇನ್ನೊಬ್ಬರ ಕೈ, ಕಾಲು ಹಿಡಿದು ಏನೋ ಮಾಡುತ್ತಿರುವ ಚಿತ್ರವಿದೆ. ಅದು ಉಗುರು ಕತ್ತರಿಸಿ ಕೈಕಾಲು ಅಂದ ಮಾಡುವ ದೃಶ್ಯ ಎನ್ನುವ ವಿದ್ವಾಂಸರೂ ಇದ್ದಾರೆ. ಏನೇ ಇರಲಿ, ಲಿವರ್ ಇಲ್ಲಿ, ಕಿಡ್ನಿ ಅಲ್ಲಿ ಎಂಬ ನಕ್ಷೆಯಂತೂ ಅದರಲ್ಲಿ ಇಲ್ಲ.

ಇಂದಿನ ನಕ್ಷೆ ಹುಟ್ಟಿದ್ದು ಅಮೆರಿಕದಲ್ಲಿ, ಇಪ್ಪತ್ತನೇ ಶತಮಾನದಲ್ಲಿ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿದ್ದ ಕಿವಿ-ಮೂಗು-ಗಂಟಲು ವೈದ್ಯ ವಿಲಿಯಂ ಫಿಟ್ಸ್‌ಜೆರಾಲ್ಡ್, ದೇಹವನ್ನು ತಲೆಯಿಂದ ಕಾಲಿನ ತನಕ ಹತ್ತು ಉದ್ದ ಪಟ್ಟಿಗಳಾಗಿ ವಿಂಗಡಿಸಿದರು. ಒಂದು ಪಟ್ಟಿಯ ಯಾವ ಭಾಗವನ್ನು ಒತ್ತಿದರೂ ಅದೇ ಪಟ್ಟಿಯ ಬೇರೆ ಭಾಗದ ನೋವು ಕಡಿಮೆಯಾಗುತ್ತದೆ ಎಂಬುದು ಅವರ ವಾದ. ಅದಕ್ಕಾಗಿ ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಸುತ್ತುವುದು, ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸುವುದು, ಬಾಚಣಿಗೆಯ ಹಲ್ಲುಗಳನ್ನು ಒತ್ತಿಹಿಡಿಯುವುದು ಎಲ್ಲವೂ ನಡೆಯಿತು. ಎಡ್ವಿನ್ ಬವರ್ಸ್ ಜೊತೆ ಸೇರಿ 1917ರಲ್ಲಿ ಅವರು ಇದರ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದರು. ಮುಂದೆ ಯೂನಿಸ್ ಇಂಗಮ್ ಎಂಬ ಫಿಸಿಯೋಥೆರಪಿಸ್ಟ್ ಈ ಪಟ್ಟಿಗಳನ್ನು ಪಾದಕ್ಕೆ ಇಳಿಸಿ, ಅಂಗ ಅಂಗಕ್ಕೂ ಜಾಗ ಗುರುತಿಸಿದರು. ಅವರ ಮೊದಲ ಪುಸ್ತಕ ಬಂದದ್ದು 1938ರಲ್ಲಿ. ಗೋಡೆಯ ಮೇಲೆ ನೀವು ನೋಡುವ ನಕ್ಷೆಯ ಮೂಲ ಅದು. ತೈವಾನ್‌ನಲ್ಲಿ ಇದನ್ನು ಮನೆಮಾತಾಗಿಸಿದ್ದು ಕೂಡ ಸ್ವಿಟ್ಜರ್ಲೆಂಡ್‌ನಿಂದ ಹೋದ ಜೋಸೆಫ್ ಓಯ್ಗ್‌ಸ್ಟರ್ ಎಂಬ ಕ್ರೈಸ್ತ ಪಾದ್ರಿ. ನಾವು ಪುರಾತನ ಪೂರ್ವದ ವಿದ್ಯೆ ಎಂದುಕೊಳ್ಳುವ ನಕ್ಷೆ ನಮ್ಮ ಅಜ್ಜಿಯರ ಕಾಲದ್ದು, ಅದೂ ಪಶ್ಚಿಮದಿಂದ ಬಂದದ್ದು.

ನಮ್ಮಲ್ಲಿ ನಿಜವಾಗಿಯೂ ಹಳೆಯದಾದದ್ದು ಬೇರೆ ಇದೆ. ಎಣ್ಣೆ ಹಚ್ಚಿ ಕಾಲು ತಿಕ್ಕುವುದು, ಆಯುರ್ವೇದ ಹೇಳುವ ಪಾದಾಭ್ಯಂಗ, ಮಲಗುವ ಮುಂಚೆ ಹಿರಿಯರ ಕಾಲು ಒತ್ತುವುದು. ಅಲ್ಲಿ ಅಂಗಗಳ ಈ ನಕ್ಷೆಯ ಗೊಡವೆ ಇಲ್ಲ.

ನರಗಳ ಹಾದಿ

ಅಂಗಾಲಿನಲ್ಲಿ ನರತುದಿಗಳು ದಟ್ಟವಾಗಿವೆ ಎಂಬುದು ನಿಜ. ಪ್ರಶ್ನೆ ಇರುವುದು ಅವು ಎಲ್ಲಿಗೆ ಹೋಗುತ್ತವೆ ಎಂಬುದರಲ್ಲಿ. ಅಂಗಾಲನ್ನು ಒತ್ತಿದಾಗ ಏಳುವ ಸಂಕೇತ ಒಳ ಹರಡಿನ ಹಿಂದೆ ಹಾದುಹೋಗುವ ಟಿಬಿಯಲ್ ನರವನ್ನು ಹಿಡಿದು, ಸಯಾಟಿಕ್ ನರ ಸೇರಿ, ಬೆನ್ನುಹುರಿಯ ಕೆಳತುದಿಯನ್ನು ತಲುಪಿ, ಅಲ್ಲಿಂದ ಮಿದುಳಿಗೆ ಏರುತ್ತದೆ. ಬೆರಳಿನ ಬುಡ ಒತ್ತಿದರೂ ಹಿಮ್ಮಡಿ ಒತ್ತಿದರೂ ಹೆಚ್ಚುಕಡಿಮೆ ಇದೇ ಹಾದಿ. ನಡುವೆ ಎಲ್ಲೂ ಲಿವರ್‌ಗೆ ಒಂದು ಕವಲು, ಥೈರಾಯ್ಡ್‌ಗೆ ಒಂದು ಕವಲು ಎಂದು ಒಡೆಯುವುದಿಲ್ಲ.

ಇದಕ್ಕೆ ಬರುವ ಮರುಪ್ರಶ್ನೆಯೂ ಇದೆ: ಹೃದಯಾಘಾತವಾದಾಗ ಎಡಗೈ ನೋಯುವುದಿಲ್ಲವೇ, ಹಾಗಾದರೆ ದೂರದ ಅಂಗಗಳಿಗೆ ನಂಟಿದೆ ಎಂದಾಯಿತಲ್ಲ? ನೋಯುತ್ತದೆ. ಹೃದಯದಿಂದ ಬರುವ ನರಗಳೂ ತೋಳಿನ ಒಳಭಾಗದ ನರಗಳೂ ಬೆನ್ನುಹುರಿಯ ಹತ್ತಿರ ಹತ್ತಿರದ ಭಾಗಗಳನ್ನೇ ಪ್ರವೇಶಿಸುವುದರಿಂದ ನೋವು ಎಲ್ಲಿಂದ ಬಂತು ಎಂದು ಮಿದುಳಿಗೆ ಸರಿಯಾಗಿ ತಿಳಿಯುವುದಿಲ್ಲ. ಹಾಗೆಂದು ಎಡಗೈ ಒತ್ತಿದರೆ ಹೃದಯದ ರಕ್ತನಾಳದಲ್ಲಿರುವ ಅಡ್ಡಿ ಕರಗುವುದಿಲ್ಲ. ಬೆರಳು ಒತ್ತಿ ಹೃದಯಾಘಾತ ನಿಲ್ಲಿಸಿ ಎನ್ನುವ ಸಂದೇಶ ಯಾರಾದರೂ ಕಳಿಸಿದರೆ ಮುಂದಕ್ಕೆ ಕಳಿಸಬೇಡಿ. ಎದೆನೋವಿಗೆ ಮೊದಲು ಒತ್ತಬೇಕಾದದ್ದು ಫೋನಿನಲ್ಲಿ 108.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಮೂತ್ರ ತಡೆದುಕೊಳ್ಳಲಾಗದ ತೊಂದರೆಗೆ ಹರಡಿನ ಹತ್ತಿರ ಟಿಬಿಯಲ್ ನರಕ್ಕೆ ಸೂಜಿಯ ಮೂಲಕ ಸಣ್ಣ ವಿದ್ಯುತ್ ಹಾಯಿಸುವ ಚಿಕಿತ್ಸೆ ಆಧುನಿಕ ವೈದ್ಯದಲ್ಲೇ ಇದೆ. ವಾರಕ್ಕೊಮ್ಮೆ ಅರ್ಧ ಗಂಟೆಯಂತೆ ಹನ್ನೆರಡು ವಾರ ಕೊಡುತ್ತಾರೆ. ಆ ನರವೂ ಮೂತ್ರಕೋಶದ ನರಗಳೂ ಬೆನ್ನುಹುರಿಯ ಒಂದೇ ನೆರೆಯವು. ಅಂದರೆ ಕಾಲಿನ ನರದ ಮೂಲಕ ಒಳಗಿನ ಅಂಗವನ್ನು ಮುಟ್ಟುವುದು ಅಸಾಧ್ಯವೇನಲ್ಲ. ಅದು ಸಾಧ್ಯವಾಗುವುದು ಅಂಥ ನರಸಂಬಂಧ ನಿಜವಾಗಿ ಇದ್ದಾಗ, ನರಕ್ಕೇ ಗುರಿಯಿಟ್ಟಾಗ. ಪಾದದ ನಕ್ಷೆಯ ಕಣ್ಣು, ಕಿವಿ, ಮೇದೋಜೀರಕಗಳಿಗೆ ಅಂಥ ಸಂಬಂಧ ಯಾರೂ ತೋರಿಸಿಲ್ಲ.

ಪರೀಕ್ಷೆ ಮಾಡಿ ನೋಡಿದಾಗ

ಪಾದ ನೋಡಿ ಕಾಯಿಲೆ ಹೇಳಬಹುದೇ ಎಂಬುದನ್ನು ಬ್ರಿಟನ್ನಿನ ಸಂಶೋಧಕರು ನೇರವಾಗಿ ಪರೀಕ್ಷಿಸಿದರು. 2000ದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆರು ಕಾಯಿಲೆಗಳಲ್ಲಿ ಒಂದೋ ಹೆಚ್ಚೋ ಇದ್ದ 18 ಜನರ ಪಾದಗಳನ್ನು ಇಬ್ಬರು ರಿಫ್ಲೆಕ್ಸಾಲಜಿಸ್ಟರು ನೋಡಿದರು. ಯಾರಿಗೆ ಯಾವ ಕಾಯಿಲೆ ಎಂದು ಅವರಿಗೆ ತಿಳಿಸಿರಲಿಲ್ಲ. ಅವರ ಊಹೆ ಕಾಯಿಲೆಯೊಂದಿಗೆ ಹೊಂದಲಿಲ್ಲ. ಇಬ್ಬರ ಅಭಿಪ್ರಾಯ ಪರಸ್ಪರವೂ ಹೊಂದಲಿಲ್ಲ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಈ ಎರಡನೆಯದು. ಒಂದೇ ಪಾದ, ಒಂದೇ ವಿದ್ಯೆ, ಎರಡು ಉತ್ತರ.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಡೆನ್ಮಾರ್ಕಿನ ಆಸ್ತಮಾ ಪ್ರಯೋಗ ಒಳ್ಳೆಯ ಉದಾಹರಣೆ. 40 ರೋಗಿಗಳಲ್ಲಿ ಅರ್ಧ ಜನರಿಗೆ ಹತ್ತು ವಾರ ನಿಜವಾದ ರಿಫ್ಲೆಕ್ಸಾಲಜಿ, ಇನ್ನರ್ಧ ಜನರಿಗೆ ಅದರಂತೆಯೇ ಕಾಣುವ ತೋರಿಕೆಯ ಒತ್ತುವಿಕೆ. ಎರಡೂ ಗುಂಪಿನವರು 'ವಾಸಿ ಅನ್ನಿಸುತ್ತಿದೆ' ಎಂದರು. ಎರಡರ ನಡುವೆ ವ್ಯತ್ಯಾಸ ಸಿಗಲಿಲ್ಲ. ಶ್ವಾಸಕೋಶದ ಸಾಮರ್ಥ್ಯವನ್ನು ಯಂತ್ರದಲ್ಲಿ ಅಳೆದಾಗ ಯಾವ ಗುಂಪಿನಲ್ಲೂ ಬದಲಾವಣೆ ಇರಲಿಲ್ಲ. ಉಸಿರು ಸಲೀಸಾಯಿತು ಎಂದು ಅನ್ನಿಸುವುದು, ಆದರೆ ಶ್ವಾಸಕೋಶ ಹಾಗೇ ಇರುವುದು: ಆಸ್ತಮಾ ಇರುವವರಿಗೆ ಇದು ಅಪಾಯದ ಜೋಡಿ. ಇನ್‌ಹೇಲರ್ ಬಿಡುವ ಧೈರ್ಯ ಬರುವುದೇ ಹೀಗೆ.

ಇಂಥ ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಎಡ್ಜರ್ಡ್ ಅರ್ನ್ಸ್ಟ್ 2009ರಲ್ಲಿ 18 ಪ್ರಯೋಗಗಳನ್ನೂ, 2011ರಲ್ಲಿ ಸಹೋದ್ಯೋಗಿಗಳೊಂದಿಗೆ 23 ಪ್ರಯೋಗಗಳನ್ನೂ ಪರಿಶೀಲಿಸಿದರು. ಕೆಲವು ಪ್ರಯೋಗಗಳಲ್ಲಿ ಲಾಭ ಕಂಡಿತ್ತು. ಆದರೆ ಬಹುಪಾಲು ಪ್ರಯೋಗಗಳ ಗುಣಮಟ್ಟ ಕಳಪೆಯಾಗಿತ್ತು. ಯಾವುದೇ ಒಂದು ಕಾಯಿಲೆಗೆ ರಿಫ್ಲೆಕ್ಸಾಲಜಿ ಪರಿಣಾಮಕಾರಿ ಎಂದು ಮನವರಿಕೆಯಾಗುವ ಪುರಾವೆ ಇಲ್ಲ ಎಂದು ಎರಡೂ ಸಲ ಬರೆದರು. ಆಸ್ಟ್ರೇಲಿಯಾ ಸರಕಾರ ತನ್ನದೇ ಪರಿಶೀಲನೆಯ ನಂತರ 2019ರ ಏಪ್ರಿಲ್ 1ರಿಂದ ಖಾಸಗಿ ಆರೋಗ್ಯ ವಿಮೆಯ ಸಹಾಯಧನದಿಂದ 16 ಚಿಕಿತ್ಸೆಗಳನ್ನು ಕೈಬಿಟ್ಟಿತು. ಅದರಲ್ಲಿ ರಿಫ್ಲೆಕ್ಸಾಲಜಿಯೂ ಇತ್ತು. (ಆ ಪಟ್ಟಿಯಲ್ಲಿ ಯೋಗವೂ ಇತ್ತು ಎಂಬುದನ್ನು ಮುಚ್ಚಿಡಬಾರದು.)

ಮತ್ತೊಂದು ಬದಿಯ ಪುರಾವೆಯನ್ನೂ ನೋಡೋಣ. ಮುಂದುವರಿದ ಹಂತದ ಸ್ತನ ಕ್ಯಾನ್ಸರ್ ಇದ್ದ 385 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ರಿಫ್ಲೆಕ್ಸಾಲಜಿ, ಒಂದಕ್ಕೆ ತರಬೇತಿಯಿಲ್ಲದವರಿಂದ ಸಾಮಾನ್ಯ ಪಾದ ಒತ್ತುವಿಕೆ, ಇನ್ನೊಂದಕ್ಕೆ ಎಂದಿನ ಚಿಕಿತ್ಸೆ ಮಾತ್ರ. ರಿಫ್ಲೆಕ್ಸಾಲಜಿ ಗುಂಪಿನಲ್ಲಿ ಏದುಸಿರು ಸ್ವಲ್ಪ ಕಡಿಮೆಯಾಯಿತು, ದೈನಂದಿನ ಓಡಾಟ ಸ್ವಲ್ಪ ಸುಧಾರಿಸಿತು. ನೋವು, ವಾಕರಿಕೆ, ಆತಂಕ, ಖಿನ್ನತೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಗಮನಿಸಿ, ಅಲ್ಲಿ ಯಾರೂ ಕೀಮೋಥೆರಪಿಗೆ ಬದಲಾಗಿ ಇದನ್ನು ಕೊಡಲಿಲ್ಲ. ಚಿಕಿತ್ಸೆಯ ಜೊತೆಗೆ, ರೋಗಿಯ ದಿನಗಳನ್ನು ಸಹ್ಯಗೊಳಿಸಲು ಕೊಟ್ಟರು.

ಹಾಗಾದರೆ ಹಾಯೆನಿಸುವುದು?

ಅದು ಸುಳ್ಳಲ್ಲ. ಒಂದು ಗಂಟೆ ಒರಗಿ ಕೂರುವುದು, ಫೋನ್ ಬದಿಗಿಡುವುದು, ಬೆಚ್ಚಗಿನ ನೀರು, ಇನ್ನೊಬ್ಬರ ಬೆಚ್ಚಗಿನ ಕೈ. ಇಷ್ಟಕ್ಕೇ ಉಸಿರಾಟ ನಿಧಾನವಾಗುತ್ತದೆ, ಸ್ನಾಯುಗಳ ಬಿಗುವು ಇಳಿಯುತ್ತದೆ. ಜೊತೆಗೆ ನಿಮ್ಮ ಮಾತು ಕೇಳುವವರು ಒಬ್ಬರಿರುತ್ತಾರೆ. ವೈದ್ಯರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಎಂದು 67 ದೇಶಗಳ ಮಾಹಿತಿ ಕಲೆಹಾಕಿದ 2017ರ ಅಧ್ಯಯನದಲ್ಲಿ ಸ್ವೀಡನ್‌ನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು ಎಂದು ಕಂಡುಬಂತು. ನಮ್ಮ ಆಸ್ಪತ್ರೆಗಳ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರಿಗೆ ನಾವು ಯಾವ ತುದಿಗೆ ಹತ್ತಿರ ಎಂದು ಬೇರೆ ಹೇಳಬೇಕಿಲ್ಲ. ಅಂಥವರಿಗೆ ಒಂದು ಗಂಟೆ ಕಾಲು ಹಿಡಿದು "ಹೇಗಿದ್ದೀರಿ, ನಿದ್ದೆ ಬರುತ್ತಿದೆಯಾ" ಎಂದು ಕೇಳುವವರ ಮೇಲೆ ನಂಬಿಕೆ ಬಂದರೆ ಆಶ್ಚರ್ಯವಿಲ್ಲ. ಮಂಡಿನೋವು, ತಲೆನೋವು, ಗ್ಯಾಸ್ಟ್ರಿಕ್‌ನಂಥ ಏರಿಳಿಯುವ ತೊಂದರೆಗಳು ತೀರಾ ಹೆಚ್ಚಾದಾಗಲೇ ಜನ ಇಂಥ ಕಡೆ ಹೋಗುವುದರಿಂದ, ಆಮೇಲಿನ ದಿನಗಳಲ್ಲಿ ಅವು ತಾವಾಗಿ ಇಳಿದದ್ದರ ಕೀರ್ತಿಯೂ ಚಿಕಿತ್ಸೆಗೇ ಸಲ್ಲುತ್ತದೆ.

ಪಾದದ ಉರಿ, ಜೋಮು ಇದ್ದರೆ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ನಮ್ಮಲ್ಲಿ ಹಲವರು ರಿಫ್ಲೆಕ್ಸಾಲಜಿಗೆ ಹೋಗುವುದೇ ಪಾದ ಉರಿಯುತ್ತದೆ, ಜೋಮು ಹಿಡಿಯುತ್ತದೆ, ಹತ್ತಿಯ ಮೇಲೆ ನಡೆದಂತಾಗುತ್ತದೆ ಎಂಬ ಕಾರಣಕ್ಕೆ. ಪಾದಕ್ಕೆ ಗಟ್ಟಿ ಒತ್ತಡ, ಬಿಸಿನೀರು, ಮರದ ಕಡ್ಡಿ ತಾಗಲೇಬಾರದವರ ಗುಂಪಿಗೆ ಇವರೇ ಸೇರಿರುವ ಸಂಭವ ಹೆಚ್ಚು.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಅಂದಾಜು ಮಾಡಿತು. ವರ್ಷಗಟ್ಟಲೆ ಶುಗರ್ ಹೆಚ್ಚಿದ್ದರೆ ಪಾದದ ನರಗಳು ಹಾಳಾಗುತ್ತವೆ. ಮೊದಲು ಉರಿ, ಚುಚ್ಚಿದಂತೆ ಅನುಭವ. ಕ್ರಮೇಣ ಸ್ಪರ್ಶವೇ ತಿಳಿಯುವುದಿಲ್ಲ. ಉರಿ ನಿಂತಾಗ ವಾಸಿಯಾಯಿತು ಎಂದು ಕೆಲವರು ಸಂತೋಷಪಡುತ್ತಾರೆ. ನರ ಇನ್ನಷ್ಟು ಸತ್ತಿರುವುದರಿಂದಲೂ ಉರಿ ನಿಲ್ಲಬಹುದು. ಈ ಹಂತದಲ್ಲಿ 'ನೋವಾದರೆ ಹೇಳಿ' ಎನ್ನುವ ಮಾತಿಗೆ ಅರ್ಥವಿಲ್ಲ, ಏಕೆಂದರೆ ನೋವು ತಿಳಿಯುವುದೇ ಇಲ್ಲ. ನೀರು ಎಷ್ಟು ಬಿಸಿ ಎಂದೂ ತಿಳಿಯುವುದಿಲ್ಲ. ಕಡ್ಡಿಯ ಒತ್ತಡಕ್ಕೆ ಚರ್ಮದ ಕೆಳಗೆ ಆದ ಸಣ್ಣ ಗಾಯ, ಬಿಸಿನೀರಿಗೆ ಎದ್ದ ಗುಳ್ಳೆ, ಗುಂಡುಕಲ್ಲಿನ ದಾರಿಯಲ್ಲಿ ಬರಿಗಾಲಲ್ಲಿ ನಡೆದಾಗ ಹೊಕ್ಕ ಚೂರು, ಬಿಸಿಲಿಗೆ ಕಾದ ದೇವಸ್ಥಾನದ ಅಂಗಳ: ಯಾವುದರಿಂದ ಬೇಕಾದರೂ ಹುಣ್ಣು ಆರಂಭವಾಗಬಹುದು. ರಕ್ತಸಂಚಾರವೂ ಕಡಿಮೆಯಿದ್ದರೆ ಆ ಹುಣ್ಣು ಮಾಯುವುದಿಲ್ಲ. ಬೆರಳು, ಪಾದ ಕತ್ತರಿಸುವ ಹಂತಕ್ಕೆ ಬಂದ ಎಷ್ಟೋ ಪ್ರಕರಣಗಳ ಮೂಲ ಇಂಥ ಗಮನಕ್ಕೆ ಬಾರದ ಗಾಯ.

ಸ್ಪರ್ಶ ಉಳಿದಿದೆಯೇ ಎಂದು ತಿಳಿಯಲು ವೈದ್ಯರ ಬಳಿ ಒಂದು ಸರಳ ಸಾಧನವಿದೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನ ಕೆಲವು ಕಡೆ ಮುಟ್ಟಿಸಿ, ಕಣ್ಣು ಮುಚ್ಚಿಕೊಂಡ ನೀವು 'ಗೊತ್ತಾಯಿತು' ಎನ್ನುತ್ತೀರೋ ನೋಡುತ್ತಾರೆ. ಎರಡೇ ನಿಮಿಷದ ಕೆಲಸ. ಮಧುಮೇಹ ಇರುವವರು ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಿಸಬೇಕು. ಉರಿ, ಜೋಮಿಗೆ ಶುಗರ್ ಒಂದೇ ಕಾರಣವಲ್ಲ. ವಿಟಮಿನ್ ಬಿ12 ಕೊರತೆ (ಸಸ್ಯಾಹಾರಿಗಳಲ್ಲಿ, ಬಹಳ ಕಾಲ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಹೆಚ್ಚು), ಥೈರಾಯ್ಡ್ ತೊಂದರೆ, ಮದ್ಯಪಾನ, ಕುಷ್ಠ, ಬೆನ್ನುಮೂಳೆಯಲ್ಲಿ ನರ ಒತ್ತಿಹೋಗಿರುವುದು ಎಲ್ಲವೂ ಇರಬಹುದು. ಬಿ12 ಕೊರತೆಯಂಥದ್ದು ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಬೇಗ ಹಿಡಿದರೆ ಸರಿಯೂ ಆಗುತ್ತದೆ. ತಡವಾದಷ್ಟೂ ನರಕ್ಕಾದ ಹಾನಿ ಹಾಗೇ ಉಳಿಯುವ ಸಂಭವ ಹೆಚ್ಚು. ಪ್ಯಾಕೇಜಿನ ಮೂರು ತಿಂಗಳು ಇಂಥವರಿಗೆ ದುಬಾರಿಯಾಗುವುದು ಹಣದ ಲೆಕ್ಕದಲ್ಲಿ ಮಾತ್ರವಲ್ಲ.

ಇನ್ನು ಯಾರು ದೂರ ಇರಬೇಕು?

ಒಂದೇ ಕಾಲು ಊದಿಕೊಂಡು, ಮೀನಖಂಡ ನೋಯುತ್ತಿದ್ದರೆ, ಬೆಚ್ಚಗಿದ್ದರೆ, ಅದನ್ನು ಯಾರಿಂದಲೂ ಒತ್ತಿಸಬೇಡಿ, ಮನೆಯಲ್ಲಿಯೂ. ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಆಪರೇಷನ್ ಆಗಿ ಹಾಸಿಗೆಯಲ್ಲೇ ಇದ್ದವರು, ದೂರದ ವಿಮಾನ ಪ್ರಯಾಣ ಮುಗಿಸಿದವರು, ಗರ್ಭಿಣಿಯರು, ಬಾಣಂತಿಯರಲ್ಲಿ ಇದರ ಸಾಧ್ಯತೆ ಹೆಚ್ಚು. ಪಾದದಲ್ಲಿ ಗಾಯ, ಹುಣ್ಣು, ಮೂಳೆ ಮುರಿತ, ಗೌಟ್‌ನಿಂದ ಕೆಂಪಗೆ ಊದಿದ ಕೀಲು ಇರುವವರಿಗೂ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಹೋಗಬೇಕು.

ಗರ್ಭಿಣಿಯರ ಹರಡಿನ ಹತ್ತಿರ ಒತ್ತಿದರೆ ಹೆರಿಗೆ ನೋವು ಶುರುವಾಗುತ್ತದೆ ಎಂಬ ಮಾತಿಗೆ ಗಟ್ಟಿ ಪುರಾವೆ ಇಲ್ಲ. ಹಾಗಿದ್ದರೂ ಗರ್ಭಿಣಿ ಎಂಬುದನ್ನು ಮೊದಲೇ ಹೇಳಿ. ಮಗುವಿನ ಅಳು ನಿಲ್ಲಿಸಲು ಪಾದದ ಯಾವ ಭಾಗ ಒತ್ತಬೇಕು ಎಂಬ ಚಿತ್ರಗಳೂ ಫೋನಿಂದ ಫೋನಿಗೆ ಹರಿದಾಡುತ್ತವೆ. ಎಣ್ಣೆ ಹಚ್ಚಿ ಮೆಲ್ಲಗೆ ನೇವರಿಸಿದರೆ ತೊಂದರೆಯಿಲ್ಲ. ಜ್ವರ ಬಂದ ಎಳೆಗೂಸಿಗೆ ಮಾತ್ರ ನಕ್ಷೆ ನೋಡುತ್ತ ಕೂರಬೇಡಿ.

ಅಲ್ಲಿ ಕೇಳಿಬರುವ ಕೆಲವು ಮಾತುಗಳು

"ಅಂಗಾಲಿನಲ್ಲಿ ಹರಳುಗಟ್ಟಿದೆ, ಅದನ್ನು ಒಡೆಯುತ್ತಿದ್ದೇನೆ." ಇಂಗಮ್ ಕಾಲದಿಂದಲೂ ಇರುವ ಮಾತಿದು. ಬೆರಳಿಗೆ ಸಿಗುವ ಗಂಟುಗಂಟು ಸಾಮಾನ್ಯವಾಗಿ ಸ್ನಾಯು, ಸ್ನಾಯುರಜ್ಜು ಅಥವಾ ಕೊಬ್ಬಿನ ಉಂಡೆ. ಗೌಟ್ ಕಾಯಿಲೆಯಲ್ಲಿ ಯೂರಿಕ್ ಆಮ್ಲ ಹರಳುಗಟ್ಟುವುದು ನಿಜ, ಆದರೆ ಅದು ಮುಖ್ಯವಾಗಿ ಕೀಲುಗಳಲ್ಲಿ. ಒತ್ತಿ ಒಡೆಯಲು ಹೋದರೆ ರೋಗಿ ಕುರ್ಚಿಯಿಂದ ಜಿಗಿದಾನು.

"ವಿಷ ಹೊರಹೋಗುತ್ತಿದೆ." ಯಾವ ವಿಷ ಎಂದು ಕೇಳಿ ನೋಡಿ. ದೇಹದ ತ್ಯಾಜ್ಯ ತೆಗೆಯುವ ಕೆಲಸ ಲಿವರ್ ಮತ್ತು ಕಿಡ್ನಿಗಳದ್ದು. ಕೆಲವು ಕಡೆ ಪಾದ ಇಟ್ಟ ನೀರಿಗೆ ಸಣ್ಣ ಯಂತ್ರವೊಂದನ್ನು ಇಳಿಬಿಟ್ಟು, ನೀರು ಕಂದು ಬಣ್ಣಕ್ಕೆ ತಿರುಗುವುದನ್ನು ತೋರಿಸುತ್ತಾರೆ. ಉಪ್ಪುನೀರಿನಲ್ಲಿ ವಿದ್ಯುತ್ ಹಾಯಿಸಿದಾಗ ಯಂತ್ರದೊಳಗಿನ ಲೋಹ ತುಕ್ಕು ಹಿಡಿದು ಬರುವ ಬಣ್ಣ ಅದು. ಪಾದ ಇಡದೆಯೂ ಬರುತ್ತದೆ.

"ಮೈಕೈ ನೋವು, ಭೇದಿ, ತಲೆಸುತ್ತು ಬಂದರೆ ಗುಣವಾಗುತ್ತಿದೆ ಎಂದರ್ಥ." ಈ ಮಾತಿನಲ್ಲಿ ಚಿಕಿತ್ಸೆ ಸೋಲಲು ಜಾಗವೇ ಇಲ್ಲ. ವಾಸಿಯಾದರೂ ಗುಣ, ಹೆಚ್ಚಾದರೂ ಗುಣ. ಸ್ನಾಯು ನೋವು ಒಂದೆರಡು ದಿನ ಇರಬಹುದು. ಬೇರೇನಾದರೂ ಆದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು.

"ಹತ್ತು ಸಿಟ್ಟಿಂಗ್ ತೆಗೆದುಕೊಂಡರೆ ಮಾತ್ರೆ ನಿಲ್ಲಿಸಬಹುದು." ಹೀಗೆ ಹೇಳಿದ ಕಡೆಗೆ ಎರಡನೇ ಸಲ ಹೋಗಬೇಡಿ. ಬಿಪಿ, ಶುಗರ್, ಥೈರಾಯ್ಡ್, ಮೂರ್ಛೆರೋಗದ ಮಾತ್ರೆಗಳನ್ನು ಬರೆದುಕೊಟ್ಟ ವೈದ್ಯರೇ ಬದಲಿಸಬೇಕು.

ಹೋಗುವುದಾದರೆ

ದಣಿದ ಕಾಲಿಗೆ ಆರಾಮ ಬೇಕು, ದುಡ್ಡು ಹೊರೆಯಲ್ಲ, ಮೇಲೆ ಹೇಳಿದ ತೊಂದರೆಗಳಿಲ್ಲ ಎಂದಾದರೆ ಹೋಗಿ ಬನ್ನಿ. ಒಂದೊಂದೇ ಸಿಟ್ಟಿಂಗ್‌ಗೆ ಹಣ ಕೊಡಿ. ಒತ್ತುವವರ ಅರ್ಹತೆ ಕೇಳಿ. ನ್ಯಾಚುರೋಪತಿ ಮತ್ತು ಯೋಗ ವಿಜ್ಞಾನದ ಬಿಎನ್‌ವೈಎಸ್ ಐದೂವರೆ ವರ್ಷಗಳ ಪದವಿ. ಗೋಡೆಗೆ ತೂಗುಹಾಕಿದ ಕೆಲವು ದಿನಗಳ ಕೋರ್ಸಿನ ಸರ್ಟಿಫಿಕೇಟ್ ಬೇರೆ. ಎರಡಕ್ಕೂ ಒಂದೇ ರೀತಿಯ ಚೌಕಟ್ಟು ಇರುವುದರಿಂದ ಹತ್ತಿರ ಹೋಗಿ ಓದಿ.

ನೀರಿನ ತೊಟ್ಟಿಯನ್ನೂ ನೋಡಿ. 2000ದಲ್ಲಿ ಕ್ಯಾಲಿಫೋರ್ನಿಯಾದ ಒಂದು ನೇಲ್ ಸಲೂನಿನಲ್ಲಿ ಪಾದ ಅದ್ದಿಸಿಕೊಂಡ 110 ಜನರ ಕಾಲಿನಲ್ಲಿ ಕುರುಗಳೆದ್ದವು. ತೊಟ್ಟಿಗೆ ನೀರು ಮರಳುವ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದ ಕೂದಲು, ಚರ್ಮದ ಚೂರುಗಳ ನಡುವೆ ಬ್ಯಾಕ್ಟೀರಿಯಾ ಬೆಳೆದಿತ್ತು. ಹೋಗುವ ಮುಂಚೆ ಕಾಲಿನ ಕೂದಲು ಬೋಳಿಸಿಕೊಂಡವರಿಗೆ ಅಪಾಯ ಹೆಚ್ಚಿತ್ತು ಎಂದೂ ತಿಳಿಯಿತು. ಹಾಗಾಗಿ ಯಂತ್ರದ ತೊಟ್ಟಿಗಿಂತ ಪ್ರತಿಯೊಬ್ಬರಿಗೂ ತೊಳೆದು ಹೊಸ ನೀರು ತುಂಬಿಸುವ ಸಾದಾ ಟಬ್ ಮೇಲು. ಮರದ ಕಡ್ಡಿ, ಟವೆಲ್ ಕೂಡ ತೊಳೆದದ್ದೇ ಇರಬೇಕು.

ಮನೆಯಲ್ಲೇ ಮಾಡಿಕೊಳ್ಳುವುದಾದರೆ ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಸಾಕು, ನಕ್ಷೆ ಬೇಡ. ಹಿಮ್ಮಡಿಯಿಂದ ಬೆರಳಿನ ಕಡೆಗೆ ಹೆಬ್ಬೆರಳಿನಿಂದ ನಿಧಾನವಾಗಿ ಒತ್ತಿ, ಎಲ್ಲಿ ಹಿತವೋ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು. ಬೆರಳುಗಳ ಸಂದಿಗೆ ಎಣ್ಣೆ ಹಚ್ಚಬೇಡಿ, ತೇವ ನಿಂತರೆ ಅಲ್ಲಿ ಫಂಗಸ್ ಬೆಳೆಯುತ್ತದೆ. ಮುಗಿದ ಮೇಲೆ ಪಾದವನ್ನು ಒಣ ಬಟ್ಟೆಯಲ್ಲಿ ಒರೆಸುವಾಗ ಬೆಳಕಿನಲ್ಲಿ ಒಮ್ಮೆ ಅಂಗಾಲನ್ನು ನೋಡಿಕೊಳ್ಳಿ. ಬಗ್ಗಲಾಗದವರು ಕನ್ನಡಿಯನ್ನು ನೆಲದ ಮೇಲಿಟ್ಟು ನೋಡಬಹುದು. ಬಿರುಕು, ಗುಳ್ಳೆ, ಬಣ್ಣ ಬದಲಾದ ಜಾಗ ಕಂಡರೆ, ಅದರಲ್ಲೂ ನಿಮಗೆ ಶುಗರ್ ಇದ್ದರೆ, ಮರುದಿನವೇ ವೈದ್ಯರಿಗೆ ತೋರಿಸಿ.